ಹಜಾರದ ಕ್ಷೌರದ ಕುರ್ಚಿ

ಹಜಾರದಲ್ಲಿ ಕುರ್ಚಿ ಇರಲಿಲ್ಲ.

ಅದೇನು ಎತ್ತಿಕೊಂಡು ಓಡುವ ಕುರ್ಚಿಯಲ್ಲ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಕ್ಷೌರದ ಕುರ್ಚಿ. ಯಜಮಾನರು ನಲವತ್ತು ವರ್ಷ ಅದರ ಹಿಂದೆ ನಿಂತು ಕತ್ತರಿ ಆಡಿಸಿದವರು. ಅಂಗಡಿ ಮುಚ್ಚಿದ ದಿನ ಮನೆಗೆ ತಂದರು. ಇವತ್ತು ಅವರು ಕಣ್ಣಿನ ಪರೀಕ್ಷೆಗೆ ಹೋಗಿ ಬರುವ ಎರಡು ಗಂಟೆಯಲ್ಲಿ ಅದು ಮಾಯ.

"ಇವಳೇ ಕಳ್ಳಿ!" ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಬೆರಳು ತೋರಿದ್ದು ಸಜ್ಜುಗಾತಿಯ ಕಡೆಗೆ. ಮಾರಾಟಕ್ಕಿಟ್ಟ ಮನೆಯನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಅಣಿ ಮಾಡುವುದು ಅವಳ ಕಸುಬು. ಕುರ್ಚಿ ತೆಗೆಸಿ ಎಂದು ಮೂರು ಸಲ ಹೇಳಿದ್ದಳು. ಕೀಲಿಕೈಯೂ ಅವಳ ಬಳಿಯಿತ್ತು.

"ತೆಗೆಸಿ ಅಂದೆ, ಹೌದು. ಈಗಲೂ ಅಂತೀನಿ," ಎಂದಳು ದೂರು ಕೇಳಿ ಬಂದ ಇನ್‌ಸ್ಪೆಕ್ಟರಿಗೆ. "ಕದಿಯೋಳಲ್ಲ ಸಾರ್ ನಾನು. ಕಳ್ಳಿ ಅಂತ ಹೆಸರು ಬಂದ್ರೆ ನಾಳೆ ಯಾರು ನಂಬಿ ಕೀಲಿಕೈ ಕೊಡ್ತಾರೆ?"

"ಬಾಯಿ ನೋಡಿ ಇವಳದು!" ಎಂದಳು ಯಜಮಾನರ ಮಗಳು. ಕಟ್ಟುಹಲ್ಲು ತಯಾರಿಸುವವಳು. "ಅಪ್ಪನ ಕುರ್ಚಿ ಮುಟ್ಟಿದ್ರೆ ಕೈ ಮುರೀತೀನಿ ಅಂತ ಅವತ್ತೇ ಹೇಳಿದ್ದೆ."

ಸಜ್ಜುಗಾತಿಯ ವ್ಯಾನಿನಲ್ಲಿ ಸಿಕ್ಕಿದ್ದು ಎರಡು ಪರದೆ, ಒಂದು ದೀಪ. ಬೀದಿ ಕೊನೆಯ ಗುಜರಿಯವನು ನಕ್ಕ. "ಅಂಥಾ ಭಾರ ಬಂದಿದ್ರೆ ನನ್ನ ತಕ್ಕಡಿ ಅಳ್ತಿತ್ತು ಸಾರ್."

*

ಇನ್‌ಸ್ಪೆಕ್ಟರ್ ಹಜಾರದ ಕೆಂಪು ನೆಲದ ಮೇಲೆ ಮಂಡಿಯೂರಿದರು. ಬೋಲ್ಟಿನ ನಾಲ್ಕು ತೂತುಗಳನ್ನೂ ಯಾರೋ ಬಿಳಿಯ ಗಾರೆಯಿಂದ ತುಂಬಿದ್ದರು.

"ಕಳ್ಳ ತೂತು ಮುಚ್ಚಿ ಹೋಗ್ತಾನಾ?"

"ಇವಳ ಸಲಹೆಪಟ್ಟಿಯಲ್ಲೇ ಇದೆಯಲ್ಲ, ತೂತು ಮುಚ್ಚಿ ಅಂತ!" ಯಜಮಾನರು ಕಾಗದ ಬೀಸಿದರು.

ಸಜ್ಜುಗಾತಿ ಬಗ್ಗಿ ನೋಡಿದಳು. "ಕೆಂಪು ನೆಲಕ್ಕೆ ಬಿಳೀದು! ನನ್ನ ಕೆಲಸದವರು ಹೀಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ. ನೆಲದ ಬಣ್ಣ ಬೆರೆಸದೆ ನಾನು ತುಂಬೋದೇ ಇಲ್ಲ."

ಇನ್‌ಸ್ಪೆಕ್ಟರ್ ಬೆರಳಾಡಿಸಿದರು. ಹಾಲಿನಂಥ ನುಣುಪು. ತುಂಬಿದ ಪ್ರತಿ ತೂತಿನ ನಡುಮಧ್ಯೆ ಸಣ್ಣ ಗುಳಿ, ಗುಳಿಯಿಂದ ಹೊರಟ ನಾಲ್ಕು ಗೀರು.

"ಇದು ದವಡೆ ಹಲ್ಲಿನ ತಲೆ," ಎಂದರು. "ತುಂಬಿದವರ ಕೈ ಅಭ್ಯಾಸ ಬಿಟ್ಟಿಲ್ಲ. ಯಜಮಾನರೇ, ಕಣ್ಣಿನ ಪರೀಕ್ಷೆಗೆ ದಿನ ಗೊತ್ತುಮಾಡಿದ್ದು ಯಾರು?"

ಯಜಮಾನರು ನಿಧಾನವಾಗಿ ಮಗಳ ಕಡೆ ತಿರುಗಿದರು.

"ನಾನೇ!" ಮಗಳು ತಲೆ ತಗ್ಗಿಸಲಿಲ್ಲ. "ಆಳು ಕರೆಸಿ ಸಾಗಿಸಿದೆ, ಕುರ್ಚಿ ನನ್ನ ಕೆಲಸದ ಜಾಗದಲ್ಲಿದೆ. ಮನೆ ಕೊಳ್ಳೋಕೆ ಮೂರು ಜನ ಬಂದು ಅದನ್ನ ನೋಡಿ ನಕ್ಕು ಹೋದ್ರು. ಮನೆ ಮಾರಿದ್ರೆ ತಾನೇ ನೀನು ನನ್ನ ಜೊತೆ ಇರೋಕೆ ಬರೋದು? ಕೇಳಿದ್ರೆ ಕೊಡ್ತಿದ್ಯಾ?"

"ಸಲಹೆ ಪಾಲಿಸಿದ್ದು ನೀವು, ಕಳ್ಳತನ ನನ್ನ ತಲೆಗಾ?" ಎಂದಳು ಸಜ್ಜುಗಾತಿ.

"ತಪ್ಪಾಯ್ತು ತಾಯಿ," ಎಂದರು ಯಜಮಾನರು.

"ಬೀದಿಗೆ ಕೂಗಿದ್ದು. ಬೀದಿಗೇ ಹೇಳಿ."

ಅವರು ಗೇಟಿಗೆ ನಡೆದರು. "ಕಳ್ಳಿ ಇವಳಲ್ರಪ್ಪಾ! ನನ್ನ ಮಗಳು!"

ಒಳಗೆ ಬಂದು ಮಗಳ ಮುಂದೆ ನಿಂತರು. "ಕುರ್ಚಿ ಎಲ್ಲೋ ನಾನೂ ಅಲ್ಲೇ. ನಿನ್ನ ಮನೆ ನೆಲಕ್ಕೆ ನಾಲ್ಕು ತೂತು ಕೊರೆಸ್ತೀಯಾ?"

"ಎಂಟು ಬೇಕಾದ್ರೂ ಕೊರೆಸ್ತೀನಿ, ಬಾ."

"ಹಾಗಾದ್ರೆ ಈ ಮನೆ ಮಾರು."