ಮದರಂಗಿ ಹಚ್ಚಿದ ಮೂರು ಬೆರಳು

ಮುನೀರಾ ಸಿಸ್ಟರ್ ಬೆರಳುಗಳ ಮೇಲೆ ಕಪ್ಪು ಮದರಂಗಿ ಕಂಡದ್ದೇ ತಡ, ಫೂಮೋನ ಎದೆ ಧಸಕ್ಕೆಂದಿತು.

ಆಸ್ಪತ್ರೆ ದೋಣಿ ಕಿವಾಯು ದ್ವೀಪದ ಎದುರು ಆಗಷ್ಟೇ ಬಂದು ನಿಂತಿತ್ತು. ಸಮುದ್ರದ ಇಳಿತದ ಹೊತ್ತು, ದಡಕ್ಕೆ ಹೋಗಲು ಎಲ್ಲರೂ ಪುಟ್ಟ ದೋಣಿಗಿಳಿಯಬೇಕು. ಫೂಮೋ ಈ ದೋಣಿಯ ನಹೋದ, ಅಂದರೆ ನಾಯಕ. ಔಷಧಿ ಪೆಟ್ಟಿಗೆ ಇಳಿಸಲು ಬೇರೆಯವರಿದ್ದರು, ಡಾಕ್ಟರನ್ನು ಇಳಿಸಲೂ ಬೇರೆಯವರಿದ್ದರು. ಮುನೀರಾಳನ್ನು ಕೈಹಿಡಿದು ಇಳಿಸುವ ಕೆಲಸವನ್ನು ಮಾತ್ರ ಎರಡು ತಿಂಗಳಿಂದ ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಇವತ್ತು ಅವಳು ಕೈ ಚಾಚಿದಳು. ಅವನು ದೋಣಿಯ ಹುಟ್ಟನ್ನು ಚಾಚಿದ.

“ಇದನ್ನ ಹಿಡ್ಕೊಳ್ಳಿ, ಸಿಸ್ಟರ್.”

“ಯಾಕೆ ನಹೋದಾ, ನಿಮ್ಮ ಕೈಗೇನಾಯ್ತು? ಡಾಕ್ಟರಿಗೆ ತೋರಿಸ್ಬೇಕಾ?”

“ಕೈ ಚೆನ್ನಾಗೇ ಇದೆ.”

“ಮತ್ತೆ ಮುಖಕ್ಕೇನಾಗಿದೆ?”

ಅವನು ಹುಟ್ಟನ್ನು ಇನ್ನಷ್ಟು ಮುಂದಕ್ಕೆ ಚಾಚಿದ. ಈ ದ್ವೀಪಗಳಲ್ಲಿ ಮದುವೆಯಾಗದ ಹೆಣ್ಣು ಕೈಗೆ ಮದರಂಗಿ ಹಚ್ಚಿಕೊಳ್ಳುವುದಿಲ್ಲ. ನಿನ್ನೆ ಎದುರು ದಡದ ಮ್ಕೊಕೋನಿಯಲ್ಲಿ ಕ್ಯಾಂಪ್ ನಡೆದಾಗ ಫೂಮೋ ಡೀಸೆಲ್ ತರಲು ಹೋಗಿದ್ದ. ಅಷ್ಟರಲ್ಲಿ ಯಾರೋ ಬಂದು ಮಾತುಕತೆ, ಶಾಸ್ತ್ರ ಎಲ್ಲ ಮುಗಿಸಿರಬೇಕು ಎಂದು ತಾನೇ ತೀರ್ಮಾನಿಸಿಬಿಟ್ಟ.

ನಾಳೆ ಲಾಮು ಸೇರಿದರೆ ಈ ವರ್ಷದ ಕೊನೆಯ ಸುತ್ತು ಮುಗಿಯಿತು. ತೆಂಕಣ ಗಾಳಿ ಎದ್ದರೆ ಮೂರು ತಿಂಗಳು ದೋಣಿ ದಡ ಬಿಡುವಂತಿಲ್ಲ. ರಜೆ ಹಾಕಿ ತನ್ನೂರು ಲಾಮುವಿಗೆ ಸ್ವಯಂಸೇವೆಗೆ ಬಂದಿದ್ದ ಮುನೀರಾ ಮೊಂಬಾಸಾದ ಆಸ್ಪತ್ರೆಗೆ ವಾಪಸ್. ಹೇಳಬೇಕಾದ ಮಾತನ್ನು ಕೊನೆಯ ದಿನಕ್ಕೆಂದು ಎತ್ತಿಟ್ಟುಕೊಂಡಿದ್ದ ನಮ್ಮ ಮಹಾ ಬುದ್ಧಿವಂತ. ಆಳೆತ್ತರದ ಅಲೆಗೆ ಹೆದರದವನು ಒಂದು ಮಾತಾಡಲು ಹೆದರಿ ಎರಡು ತಿಂಗಳು ಕಳೆದಿದ್ದ.

ಶಾಲೆಯ ಜಗಲಿಯ ಮೇಲೆ ಕ್ಯಾಂಪ್ ಶುರುವಾಯಿತು. ಅವಳ ಕಡೆ ನೋಡಲೇಬಾರದೆಂದು ಹಟ ಹಿಡಿದು ಫೂಮೋ ಹತ್ತು ಸಲ ನೋಡಿದ. ಹನ್ನೊಂದನೇ ಸಲ ಅವಳ ಕಣ್ಣಿಗೆ ಸಿಕ್ಕಿಬಿದ್ದ. ಅವಳು ಹುಬ್ಬೇರಿಸಿ ‘ಏನು?’ ಎಂದು ಕೇಳಿದಳು. ಅವನು ಮೇಲೆ ಛಾವಣಿ ನೋಡಿದ.

ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬಂದು ಕೂತಳು, ಎರಡು ಕೈತುಂಬ ಮದರಂಗಿ. ರಕ್ತದಲ್ಲಿನ ಆಮ್ಲಜನಕದ ಮಟ್ಟ ಅಳೆಯುವ ಪುಟ್ಟ ಕ್ಲಿಪ್ಪನ್ನು ಮುನೀರಾ ಅವಳ ಬೆರಳಿಗೆ ಹಾಕದೆ ಕಿವಿಗೆ ಸಿಕ್ಕಿಸಿದಳು.

“ಇದೇನಮ್ಮಾ, ಮದುಮಗಳಿಗೆ ಓಲೆ ತೊಡಿಸ್ತಿದ್ದೀಯಾ?” ಸಾಲಿನಲ್ಲಿದ್ದ ಶೇಕೂವೆ ಅಜ್ಜಿ ಕೇಳಿದಳು.

“ಬೆರಳಿಗೆ ಮದರಂಗಿ ಇದ್ರೆ ಈ ಮಿಷನ್ ಸುಳ್ಳು ಹೇಳುತ್ತೆ, ಅಜ್ಜೀ. ನಿನ್ನೆ ಒಬ್ಬಳಿಗೆ ಉಸಿರೇ ಸಾಲದು ಅಂತ ತೋರಿಸ್ತು. ಡಾಕ್ಟರು ಗಾಬರಿಬಿದ್ದು ದೊಡ್ಡಾಸ್ಪತ್ರೆಗೆ ಕಳಿಸೋಕೆ ಹೊರಟ್ರು. ಅವಳು ನೋಡಿದ್ರೆ ಆರಾಮಾಗಿ ಮಾವಿನಕಾಯಿ ತಿಂತಾ ಕೂತಿದ್ದಾಳೆ! ನನಗೆ ಅನುಮಾನ ಬಂತು. ನಾನೂ ಮೂರು ಬೆರಳಿಗೆ ಮದರಂಗಿ ಹಚ್ಚಿಸ್ಕೊಂಡು ನೋಡ್ದೆ. ನನಗೂ ಉಸಿರಿಲ್ವಂತೆ!”

ಫೂಮೋನ ಕೈಯಲ್ಲಿದ್ದ ಪೆಟ್ಟಿಗೆ ದಡಕ್ಕನೆ ಕೆಳಗೆ ಬಿತ್ತು.

“ಪರೀಕ್ಷೆಗಾ ಹಚ್ಕೊಂಡಿದ್ದು?” ಎಂದು ಕೂಗಿಯೇ ಬಿಟ್ಟ. ಇಡೀ ಸಾಲು ತಿರುಗಿ ನೋಡಿತು.

“ಮತ್ಯಾತಕ್ಕೆ ಅಂದ್ಕೊಂಡ್ರಿ?”

“ಮದುವೆ ಆಗೋಯ್ತು ಅಂದ್ಕೊಂಡಿದ್ದಾನೆ ಕಣೇ!” ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. “ಅದಕ್ಕೇ ಬೆಳಿಗ್ಗೆಯಿಂದ ಮುಖ ಊದಿಸ್ಕೊಂಡು ಓಡಾಡ್ತಿರೋದು.”

ಮುನೀರಾಳ ನಗು ಅಲ್ಲಿಗೇ ನಿಂತಿತು. ತಲೆಯ ಮೇಲಿನ ಬಟ್ಟೆಯನ್ನು ಸುಮ್ಮನೆ ಸರಿಮಾಡಿಕೊಂಡು, “ಮುಂದಿನವರು ಬನ್ನಿ” ಎಂದಳು. ದನಿ ಮಾತ್ರ ಸಣ್ಣಗಾಗಿತ್ತು.

ಸಮುದ್ರದ ನೀರು ಮತ್ತೆ ಏರಿದ ಮೇಲೆ ಎಲ್ಲರೂ ದೊಡ್ಡ ದೋಣಿ ಹತ್ತಿದರು. ಫೂಮೋ ಚುಕ್ಕಾಣಿಯ ಹತ್ತಿರ ನಿಂತಿದ್ದ. ಅವಳು ಬಂದು ಪಕ್ಕದಲ್ಲಿ ನಿಂತಳು.

“ನಿಜವಾಗ್ಲೂ ಮದುವೆ ಆಗಿದ್ರೆ ಏನ್ ಮಾಡ್ತಿದ್ರಿ?”

“ಲಾಮು ಮುಟ್ಟಿಸಿ, ಮುಬಾರಕ್ ಹೇಳಿ ಬರ್ತಿದ್ದೆ.”

“ಅಷ್ಟೇನಾ? ಒಂದು ಜಗಳಾನೂ ಆಡ್ತಿರ್ಲಿಲ್ವಾ?”

“ಯಾವ ಹಕ್ಕಿಂದ ಜಗಳ ಆಡ್ಲಿ?”

“ಆ ಹಕ್ಕನ್ನ ಕೇಳ್ತೀರೇನೋ ಅಂತ ಎರಡು ತಿಂಗಳಿಂದ ಕಾಯ್ತಿದ್ದೀನಿ, ಫೂಮೋ.” ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. “ನಾಡಿದ್ದು ನನ್ನ ಬಸ್ಸು.”

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಜನ್ಮಪೂರ್ತಿ ಮುಚ್ಚಿಕೊಂಡೇ ಇರಬೇಕಾಗುತ್ತದೆ ಎಂದು ಅವನಿಗೆ ಹೊಳೆಯಿತು.

“ನೀವಂದ್ರೆ ನಂಗಿಷ್ಟ, ಮುನೀರಾ. ಮೊದಲನೇ ದಿನ ಅಲೆ ಒಗ್ಗದೆ ವಾಂತಿ ಮಾಡ್ಕೊಂಡು, ಬಾಯಿ ಒರೆಸ್ಕೊಂಡು ‘ಮುಂದಿನ ಪೇಷೆಂಟ್’ ಅಂದ್ರಲ್ಲ, ಆವತ್ತಿಂದ.”

“ಅಯ್ಯೋ, ಪ್ರೀತಿ ಹುಟ್ಟೋಕೆ ಅದೇ ಸಿಕ್ತಾ?” ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು. “ನಾಳೆ ಲಾಮು ಮುಟ್ಟಿದ ತಕ್ಷಣ ನಿಮ್ಮ ಅಮ್ಮನ್ನ ನಮ್ಮನೆಗೆ ಕಳಿಸಿ. ನನ್ನ ಅಮ್ಮ ಮನೇಲೇ ಇರ್ತಾಳೆ. ಬಸ್ಸು ಒಂದು ವಾರ ಬಿಟ್ಟೇ ಹಿಡಿದ್ರಾಯ್ತು.”

ಫೂಮೋ ತಕ್ಷಣ ಎಂಜಿನ್ ಶುರು ಮಾಡಿ ವೇಗ ಕೊಟ್ಟ. ದೋಣಿ ಗುಡುಗಿತು, ನಡುಗಿತು, ಇದ್ದಲ್ಲಿಂದ ಮಾತ್ರ ಕದಲಲಿಲ್ಲ.

“ನಹೋದಾ!” ಮುಂದುಗಡೆಯಿಂದ ಡಾಕ್ಟರು ಕೂಗಿದರು. “ಲಂಗರು ಎತ್ತೇ ಇಲ್ವಲ್ಲಯ್ಯಾ!”

ಹದಿನಾರು ವರ್ಷದಿಂದ ಸಮುದ್ರದಲ್ಲಿದ್ದವನು ಆ ತಪ್ಪನ್ನು ಒಮ್ಮೆಯೂ ಮಾಡಿರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ನಾಚಿಕೊಂಡು ಮುಂದಕ್ಕೆ ಓಡಿ ಲಂಗರಿನ ಹಗ್ಗ ಎಳೆಯತೊಡಗಿದ.

“ಸರೀರಿ ಆ ಕಡೆ,” ಎಂದು ಮುನೀರಾ ಹಿಂದೆಯೇ ಬಂದು ಅದೇ ಹಗ್ಗಕ್ಕೆ ಕೈ ಹಾಕಿದಳು. “ಬೇಗ ಊರು ಸೇರ್ಬೇಕು ನಾವು.”