ಇಳಿಯುವಾಗ ಬಂದ ವಾಸನೆ

ಖಾನಾಪುರದ ಕಾಡಿನ ಮೇಲೆ, ಮೋಡದೊಳಗೆ ಇಳಿಯುತ್ತಿದ್ದಾಗ ಕಾಕ್‌ಪಿಟ್ಟಿನಲ್ಲಿ ತೊಯ್ದ ಕಂಬಳಿಯ ವಾಸನೆ ಎದ್ದಿತು.

"ಏನೋ ಬೀರೇಶ, ಕುರಿ ಹತ್ತಿಸ್ಕೊಂಡು ಬಂದಿಯೇನು?" ಕ್ಯಾಪ್ಟನ್ ಅನುರಾಧಾ ನಕ್ಕರು.

ನಾನು ಸಹಪೈಲಟ್. ನಮ್ಮದು ಕುರಿ ಕಾಯುವ ಮನೆತನ; ಕೆಲಸದಲ್ಲಿ ಯಾರಿಗೂ ಅದನ್ನು ಹೇಳಿಲ್ಲ. ವಾಸನೆ ನನ್ನ ಮೈಯದೇ ಎನಿಸಿ ಕಿವಿ ಬಿಸಿಯಾದವು. ಅಂಗಿಯ ತೋಳನ್ನು ಕದ್ದು ಮೂಸಿದೆ.

ಇಳಿಯುವಾಗ ಎತ್ತರದ ಮಾಪಕವನ್ನು ಬೆಳಗಾವಿಯ ಗಾಳಿಯ ಒತ್ತಡಕ್ಕೆ ಹೊಂದಿಸಬೇಕು; ಇಲ್ಲದಿದ್ದರೆ ಅದು ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸೀತು. ಹೊಂದಿಸಿದೆಯಾ ಎಂದು ಅವರು ಕೇಳಿದಾಗ ನೋಡದೆಯೇ "ಆಗೇತ್ರಿ" ಎಂದುಬಿಟ್ಟೆ.

ತೊಯ್ದ ಹುಲ್ಲಿನ ಮೇಲೆ ನಿಂತಂತೆ ಪಾದಗಳು ತಣ್ಣಗಾದವು. ಹೆಡ್‌ಫೋನಿನಲ್ಲಿ ಏನೋ ಹುಲ್ಲು ಮೆಲ್ಲುವ ಸದ್ದು ಕೇಳಿತು. ಅಷ್ಟರಲ್ಲಿ ಕ್ಯಾಪ್ಟನ್ ವಿಮಾನವನ್ನು ಒಮ್ಮೆಲೇ ಮೇಲೆತ್ತಿದರು. ಮೋಡ ಹರಿದಲ್ಲಿ ಮರಗಳ ತುದಿಗಳು ಕಂಡವು, ಎಲೆ ಎಣಿಸುವಷ್ಟು ಹತ್ತಿರ. ಮಾಪಕ ಹಳೆಯ ಒತ್ತಡದಲ್ಲೇ ನಿಂತಿತ್ತು.

ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಳಿದ ಮೇಲೆ ಅವರು ನನ್ನ ಹೆಗಲು ಹಿಡಿದರು.

"ನೋಡದ ಹೇಳಿದ್ದು ದೊಡ್ಡ ತಪ್ಪು. ಆದ್ರ ವ್ಯಾಳ್ಯಾಕ್ಕ ಸರಿಯಾಗಿ ಒದರಿದಿ, ಎಲ್ಲಾರೂ ಉಳದ್ವಿ. 'ಮ್ಯಾಲಿಂದ ಹೋಗ್ರಿ, ಕುರಿ ಮಲಗ್ಯಾವ!' ಅದೆಂಥಾ ಮಾತೋ ಮಾರಾಯಾ?"

'ಆಗೇತ್ರಿ' ಎಂದ ಮೇಲೆ ನಾನು ಬಾಯಿಯನ್ನೇ ತೆರೆದಿರಲಿಲ್ಲ.

"ಹಂಗ ಬಾಯಿಗೆ ಬಂತ್ರೀ ಮೇಡಂ," ಎಂದೆ.