ಕೆಂಡದಾಮೆಯ ಉಸಿರು

ಬಲು ಹಿಂದೆ ಕೊರೆಗಿರಿ ಎಂಬ ರಾಜ್ಯವಿತ್ತು. ಬೇಸಿಗೆ ಅಲ್ಲಿಗೆ ನೆಂಟನಂತೆ ಬಂದು ನೆಂಟನಂತೆಯೇ ಹೊರಟುಬಿಡುತ್ತಿತ್ತು. ಬೆಟ್ಟದ ಬುಡದ ಗುಹೆಯಲ್ಲಿ ಆನೆಗಿಂತ ದೊಡ್ಡದಾದ ಕೆಂಡದಾಮೆ ವಾಸವಾಗಿತ್ತು. ಅದರ ಬಿಸಿಯುಸಿರು ನೆಲದಡಿಯ ಕಲ್ಲುಕಾಲುವೆಗಳಲ್ಲಿ ಸಾಗಿ, ಮೊದಲು ಬುಡದ ಅರಮನೆಯನ್ನು, ಆಮೇಲೆ ಒಂದೊಂದೇ ಮನೆಯನ್ನು ಬೆಚ್ಚಗಾಗಿಸುತ್ತ ಮೇಲೇರುತ್ತಿತ್ತು. ಕೊನೆಗೆ ತುದಿಯ ಮನೆಯ ಹೊಗೆಗಂಡಿಯಿಂದ ಆಕಾಶ ಸೇರುತ್ತಿತ್ತು. ಹೆಬ್ಬಾತುಗಳು ದಕ್ಷಿಣಕ್ಕೆ ಹಾರಿದ ಕೂಡಲೇ ಜನ ಚಪ್ಪಡಿ ಎತ್ತಿ, ಕಾಲುವೆಯ ಮಸಿ ಗುಡಿಸಿ, ಬಿರುಕಿಗೆ ಜೇಡಿಮಣ್ಣು ಮೆತ್ತಿ, ಆಮೆಗೆ ಒಣಸೌದೆ ತಿನ್ನಿಸುತ್ತಿದ್ದರು.

ಆ ವರ್ಷ ಬಿಳಿ ಶಾಲು ಹೊದ್ದ ಒಬ್ಬ ಬಳೆಗಾರ ಬಂದ. ಮನೆಮನೆಗೂ ಒಂದೊಂದು ನೀಲಿಕಲ್ಲಿನ ಮುಚ್ಚಳ ಕೊಟ್ಟ.

"ನಿಮ್ಮ ಬಿಸಿ ಮೇಲಿನ ಮನೆಗೆ ಯಾಕೆ ಸೋರಿ ಹೋಗಬೇಕು ತಾಯಿ? ಕಾಲುವೆ ಮೇಲಕ್ಕೆ ಹೋಗೋ ಕಿಂಡಿ ಮುಚ್ಚಿ. ಎಲ್ಲಾ ನಿಮಗೇ!"

ಜನ ಹಿಗ್ಗಿ ಮುಚ್ಚಿದರು. ಬಳೆಗಾರನ ವೇಷದಲ್ಲಿ ಬಂದವನು ಶೀತಕೇತು ಎಂಬ ಮಾಂತ್ರಿಕನೆಂದು ಯಾರಿಗೂ ತಿಳಿಯಲಿಲ್ಲ. ಆಮೆ ಆರಿಹೋದರೆ ಕೊರೆಗಿರಿ ಅವನ ಪಾಲಾಗುತ್ತಿತ್ತು.

ಚಳಿ ಬಂತು. ನೆಲ ಬಿಸಿಯಾಗಲಿಲ್ಲ. ಇನ್ನೊಮ್ಮೆ ಗುಡಿಸಿದರು. ಆಗಲೂ ಇಲ್ಲ.

ತುದಿಯ ಮನೆಯಲ್ಲಿ ದೇಮವ್ವ ಎಂಬ ಹುಡುಗಿ ಅಕ್ಕ ನೀಲವ್ವನೊಡನೆ ಇದ್ದಳು. ನೀಲವ್ವ ತುಂಬು ಬಸುರಿ. ಅವಳ ಗಂಡ ಗಡಿ ಕಾಯಲು ಹೋಗಿದ್ದ.

"ಈ ನೆಲದ ಮೇಲೆ ಕೂಸನ್ನ ಹೇಗೆ ಮಲಗಿಸಲೇ?" ಎಂದಳು ನೀಲವ್ವ.

ದೇಮವ್ವ ಗುಹೆಗೆ ಓಡಿದಳು. ಆಮೆಯ ಚಿಪ್ಪು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅದು ಕೆಮ್ಮುತ್ತಿತ್ತು.

"ಉಸಿರು ಬಿಡೋಣ ಅಂದ್ರೆ ಹೋಗೋಕೆ ದಾರಿ ಬೇಡವಾ, ಮಗಳೇ? ಎಲ್ಲಾ ಕಡೆ ಮುಚ್ಚಳ! ಮುಚ್ಚಿದ ಕೈಯೇ ಅದನ್ನ ತೆಗೀಬೇಕು. ಬೇರೆಯವರಿಗೆ ಅದು ಬೆಟ್ಟದಷ್ಟು ಭಾರ. ಮೊದಲ ಹಿಮ ನೆಲ ಮುಚ್ಚೋದರೊಳಗೆ ತೆಗೆಸು. ಇಲ್ಲದಿದ್ದರೆ ನಾನು ಆರಿಹೋಗ್ತೀನಿ."

ದೇಮವ್ವ ಮೊದಲು ಅರಮನೆಗೆ ಹೋದಳು. ಉಗ್ರಬಾಹು ಮಹಾರಾಜ ಮೂರು ಕಂಬಳಿ ಹೊದ್ದು ಕೂತಿದ್ದ.

"ರಾ-ರಾಜನ ಬಿಸಿ ಪ್ರ-ಪ್ರಜೆಗಳಿಗೆ ಸೋರಬೇಕಾ?" ಎಂದು ಹಲ್ಲು ಕಟಕಟಿಸಿದ.

"ಯಾವ ಬಿಸಿ, ಪ್ರಭು? ಒಮ್ಮೆ ಪಾದುಕೆ ಬಿಟ್ಟು ನೆಲ ಮೆಟ್ಟಿ ನೋಡಿ."

ರಾಜ ಕಾಲಿಟ್ಟ, "ಅಯ್ಯಮ್ಮಾ!" ಎಂದು ಹಾರಿ ಸಿಂಹಾಸನ ಹತ್ತಿದ. ಆಮೇಲೆ ಇಳಿದು ಬಂದು ಮುಚ್ಚಳ ತೆಗೆದ. ರಾಜನನ್ನು ನೋಡಿ ನೆರೆಯವರೂ ತೆಗೆದರು.

ನಡುಬೆಟ್ಟದಲ್ಲಿ ಚಂಪಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಮೇಲಿನ ಮನೆ ಗುಂಡವ್ವನಿಗೆ ನನ್ನ ಬಿಸಿ ಕೊಡಬೇಕಾ? ನನ್ನ ಬೆಕ್ಕಿಗೆ ಪೊರಕೆ ತಗೊಂಡು ಹೊಡೆದವಳಿಗೆ? ಆಗಲ್ಲ ಹೋಗೇ!"

"ಅಜ್ಜಿ, ನಿಮಗೆ ಬಿಸಿ ಎಲ್ಲಿಂದ ಬರ್ತಿತ್ತು?"

"ಕೆಳಗಿನ ಮನೆ ತಿಪ್ಪಯ್ಯನ ಕಿಂಡಿಯಿಂದ."

"ಮೊನ್ನೆ ಆ ತಿಪ್ಪಯ್ಯನಿಗೂ ನೀವು ಬೈದಿರಂತಲ್ಲ?"

ಚಂಪಜ್ಜಿ ಬೆಕ್ಕನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. "ಬೆಕ್ಕು ನಡುಗ್ತಾ ಇದೆ ಅಂತ ತೆಗೀತೀನಿ ಅಷ್ಟೆ. ಗುಂಡವ್ವನಿಗೋಸ್ಕರ ಅಲ್ಲ!" ಎನ್ನುತ್ತ ಮುಚ್ಚಳ ಕಿತ್ತಳು. ಅವಳೇ ತೆಗೆದಳೆಂದ ಮೇಲೆ ಉಳಿದವರು ಹಿಂಜರಿಯಲಿಲ್ಲ.

ಇನ್ನು ಉಳಿದದ್ದು ಒಂದೇ, ದೇಮವ್ವನ ಮನೆಯ ಹೊಗೆಗಂಡಿ. ಅದನ್ನು ಮುಚ್ಚಿದವಳು ನೀಲವ್ವ. ದೇಮವ್ವ ಮನೆ ಮುಟ್ಟುವಾಗ ಹಿಮ ಉದುರತೊಡಗಿತ್ತು. ಬಾಗಿಲಲ್ಲಿ ಶೀತಕೇತು ನಿಜರೂಪದಲ್ಲಿ ನಿಂತಿದ್ದ. ಅವನ ಗಡ್ಡದಿಂದ ಮಂಜುಗಡ್ಡೆ ಜೋತಾಡುತ್ತಿತ್ತು.

"ನೀಲವ್ವಾ, ಕೈ ಹಚ್ಚಬೇಡ. ಕಂಡಿ ತೆಗೆದರೆ ಹಿಮಗಾಳಿ ನೇರ ನಿನ್ನ ಹೊಟ್ಟೆ ಮೇಲೆ ಬೀಳುತ್ತೆ!"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ನೀಲವ್ವ ತಂಗಿಯ ಮುಖ ನೋಡಿದಳು.

"ದೇಮಿ, ನಿಜವಾಗ್ಲೂ ಬಿಸಿ ಬರುತ್ತಾ?"

"ಬರುತ್ತೆ ಅಕ್ಕ. ಅದು ಕೆಮ್ಮೋದನ್ನ ನಾನೇ ಕೇಳಿದೀನಿ. ಬರೋವರೆಗೂ ಗಾಳಿಗೆ ನಾನು ಅಡ್ಡ ನಿಲ್ತೀನಿ."

ನೀಲವ್ವ ಕಣ್ಣು ಮುಚ್ಚಿ ಮುಚ್ಚಳ ಎಳೆದಳು.

ಗಾಳಿ ಬುಸುಗುಟ್ಟಿ ಒಳನುಗ್ಗಿತು. ದೇಮವ್ವ ಅಕ್ಕನನ್ನು ತಬ್ಬಿ ನಿಂತಳು. ಅವಳ ಬೆನ್ನ ಮೇಲೆ ಹಿಮ ಕೂತಿತು. ನೆಲ ತಣ್ಣಗೇ ಇತ್ತು. ಶೀತಕೇತು ಗಹಗಹಿಸಿದ.

ಆಗ ಬೆಟ್ಟದ ಬುಡದಲ್ಲಿ ಆಮೆ ಉಸಿರು ಬಿಟ್ಟಿತು.

ಅರಮನೆಯ ನೆಲ ಗುಡುಗಿತು. ಚಂಪಜ್ಜಿಯ ಬೆಕ್ಕು ನೆಲದ ಮೇಲೆ ಕಾಲು ಚಾಚಿತು. ಮಸಿಯ ವಾಸನೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂತು. ನೀಲವ್ವನ ಅಂಗಾಲು ಬೆಚ್ಚಗಾಯಿತು. ಕಂಡಿಯಲ್ಲಿ ಬೀಳುತ್ತಿದ್ದ ಹಿಮ ಹನಿಯಾಯಿತು, ಹನಿ ಹಬೆಯಾಯಿತು. ಶೀತಕೇತುವಿನ ನಗು ಅರ್ಧಕ್ಕೇ ನಿಂತಿತು. ಗಡ್ಡ ಕರಗಿತು, ಕೈ ಕರಗಿತು, ಹೊಸ್ತಿಲ ಮೇಲೆ ಒದ್ದೆ ಶಾಲೊಂದೇ ಉಳಿಯಿತು.

ನೀಲವ್ವನಿಗೆ ಹೆಣ್ಣು ಮಗು ಹುಟ್ಟಿತು. ಗಡಿಯಿಂದ ಓಡಿ ಬಂದ ಅಪ್ಪ ಕಂಡದ್ದು, ಬೆಚ್ಚನೆ ಚಪ್ಪಡಿಯ ಮೇಲೆ ಒಗೆದೊಣಗಿಸಿದ ಬಿಳಿ ಶಾಲು ಹೊದ್ದು ಮಲಗಿದ್ದ ಮಗಳನ್ನು.

ಅಂದಿನಿಂದ ಕೊರೆಗಿರಿಯಲ್ಲಿ ಚಳಿಗಾಲದ ಸಿದ್ಧತೆ ತುದಿಯ ಮನೆಯಿಂದಲೇ ಶುರು. ಪ್ರತಿವರ್ಷ ಉಗ್ರಬಾಹು ಮಹಾರಾಜ ಏದುಸಿರು ಬಿಡುತ್ತ ಬೆಟ್ಟ ಹತ್ತಿ, ತಾನೇ ಹೊಗೆಗಂಡಿಯೊಳಗೆ ಇಣುಕಿ, ಮೂಗಿನ ತುಂಬ ಮಸಿ ಹಚ್ಚಿಕೊಂಡು, "ಆಕಾಶ ಕಾಣ್ತಿದೆ!" ಎಂದು ಕೂಗುತ್ತಾನೆ. ಆ ಕೂಗು ಕೇಳಿದ ಮೇಲೆಯೇ ಆಮೆಗೆ ಸೌದೆ. ಆಮೇಲೆ ಇಡೀ ಬೆಟ್ಟಕ್ಕೆ ಸುಖನಿದ್ದೆ.